ಕ್ಲೈಮ್ಯಾಕ್ಸಿಗೆ ಬೀಗ

ಜಗತ್ತಿನಲ್ಲಿ ಸಿನಿಮಾ ಕಥೆ ಬರೆದವರು ಬೇಕಾದಷ್ಟು ಜನರಿದ್ದಾರೆ. ಬರೆದದ್ದನ್ನು ಯಾರೂ ಓದುತ್ತಿಲ್ಲ ಎಂದು ಕೊರಗುವವರು ಅವರಿಗಿಂತ ಹೆಚ್ಚಿದ್ದಾರೆ, ಯಾಕೆಂದರೆ ಏನೂ ಬರೆಯದವರೂ ಆ ಗುಂಪಿಗೆ ಸೇರಿಕೊಂಡಿದ್ದಾರೆ. ಆದರೆ ದಯವಿಟ್ಟು ಓದಿ ಎಂದು ಊರೆಲ್ಲ ಹಂಚಿ, ಎಲ್ಲಿ ಓದಿಬಿಡುತ್ತಾರೋ ಎಂದು ಬೆವರಿದವನು ನಮ್ಮ ಕೀಲಿಯಣ್ಣ ಒಬ್ಬನೇ ಇರಬೇಕು.

ಕೀಲಿಯಣ್ಣ ಅಂದರೆ ಮಾರ್ಕೆಟ್ಟಿನ ತಿರುವಿನಲ್ಲಿ, ಜೆರಾಕ್ಸ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ಮಧ್ಯೆ, ಬೀರುವಿನಷ್ಟೇ ಅಗಲದ ಗೂಡಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವವನು. ಎಂಥ ಮೊಂಡು ಬೀಗವೂ ಅವನ ಕೈಯಲ್ಲಿ ಬಾಯಿ ಬಿಡುತ್ತಿತ್ತು. ಅವನು ಮಾತ್ರ ಅಪರಿಚಿತರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೂ ಒಂದು ಹೇಳಲು ಹೋಗಿ ಇನ್ನೊಂದು ಹೇಳಿ, ಎರಡನ್ನೂ ವಾಪಸ್ಸು ತೆಗೆದುಕೊಂಡು, ಕೊನೆಗೆ ಗಿರಾಕಿಯ ಬಳಿಯೇ ಕ್ಷಮೆ ಕೇಳುತ್ತಿದ್ದ. ಕೆಲಸದಲ್ಲಿ ಅವನಿಗೆ ಒಂದೇ ನೇಮ. ವಿದ್ಯೆ ಕಲಿಸಿದ ಗುರು ಹೇಳಿದ್ದರು: ಬೀಗ ತೆಗಿ, ಒಳಗೆ ನೋಡಬೇಡ. ಯಾರ ಬೀರು ತೆಗೆದರೂ ಅವನು ಮುಖ ಆಚೆ ತಿರುಗಿಸಿಕೊಂಡೇ ಬಾಗಿಲು ಎಳೆಯುತ್ತಿದ್ದ.

ಇಂಥವನು ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ, ಜೆರಾಕ್ಸಿನವನು ಬಿಸಾಡಿದ ಹಾಳೆಗಳ ಬೆನ್ನ ಮೇಲೆ, ಒಂದು ಸಿನಿಮಾ ಚಿತ್ರಕಥೆ ಬರೆದು ಮುಗಿಸಿದ. ಕಥೆ ಇಷ್ಟು. ಒಬ್ಬ ಕಳ್ಳ ಒಬ್ಬಂಟಿ ಟೀಚರಮ್ಮನ ಮನೆಗೆ ನುಗ್ಗುತ್ತಾನೆ. ಕದಿಯಲು ಏನೂ ಇಲ್ಲ. ಗೋಡೆ ಗಡಿಯಾರ ನಿಂತುಹೋಗಿದೆ. ಬಂದ ದಾರಿಗೆ ಸುಂಕವಿಲ್ಲ ಎಂದು ಹೊಟ್ಟೆ ಉರಿದು, ಸುಮ್ಮನೆ ಹೋಗಲಾರದೆ ಗಡಿಯಾರ ರಿಪೇರಿ ಮಾಡಿ ಹೋಗುತ್ತಾನೆ. ಇನ್ನೊಂದು ಸಲ ಬಂದಾಗ ಸೋರುವ ನಲ್ಲಿ. ಮತ್ತೊಂದು ಸಲ ಕಿಟಕಿಯ ಚಿಲಕ. ಟೀಚರಮ್ಮ ಮೊದಮೊದಲು ಹೆದರುತ್ತಾಳೆ, ಆಮೇಲೆ ಕಾಯುತ್ತಾಳೆ, ಆಮೇಲೆ ಅವನು ಬರಲಿ ಅಂತಲೇ ಮನೆಯ ಸಾಮಾನನ್ನು ಒಂದೊಂದಾಗಿ ಮುರಿದಿಡುತ್ತಾಳೆ.

ಬರೆದದ್ದನ್ನು ಬರೆದ ಹಾಗೆ ಅವನು ಮನೆಯಲ್ಲಿ ಹೆಂಡತಿಗೆ ಓದಿ ಹೇಳುತ್ತಿದ್ದ. ಆಕೆ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಮೆಷಿನ್ನು ನಿಲ್ಲಿಸದೆ ಕೇಳುತ್ತಿದ್ದಳು. ಕಳ್ಳ ಕೊಡೆಯ ಕಡ್ಡಿ ಸರಿಮಾಡುವ ದೃಶ್ಯದಲ್ಲಿ ಮಾತ್ರ ಮೆಷಿನ್ನು ನಿಂತಿತ್ತು, ದಾರ ತುಂಡಾಗಿದೆ ಎಂದು ಆಕೆ ಕಾರಣ ಕೊಟ್ಟಿದ್ದಳು. ಆದರೆ ಟೀಚರಮ್ಮ ಮನೆಯಲ್ಲಿದ್ದದ್ದನ್ನೆಲ್ಲ ಮುರಿದು ಮುಗಿಸಿದ ಜಾಗಕ್ಕೆ ಬಂದಾಗ ಕೀಲಿಯಣ್ಣ ಹಾಳೆ ಮಡಚಿಬಿಟ್ಟ. ಮುಂದೇನು ಅಂದರೆ, ಕ್ಲೈಮ್ಯಾಕ್ಸು ಯಾರಿಗೂ ಹೇಳೋ ಹಾಗಿಲ್ಲ, ನಿನಗೂ ಕೂಡ, ಅಂದ. ಕಟ್ಟಿಕೊಂಡ ಹೆಂಡತಿಗೂ ಇಲ್ಲದ ಗುಟ್ಟು ಅದ್ಯಾವುದು ಎಂದು ಆಕೆಗೆ ನೋವಾಯಿತು. ಆಮೇಲೆ ಬಹಳ ದಿನ ಆಕೆ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಜೊತೆ ಮಾತ್ರ ಮಾತಾಡಿದಳು.

ಕೊನೆ ಬಚ್ಚಿಡುವ ಈ ಬುದ್ಧಿ ಅವನ ಸ್ವಂತದ್ದಲ್ಲ, ಜೆರಾಕ್ಸಿನವನದ್ದು. ಆತ ಒಂದು ಕಾಲದಲ್ಲಿ ಯಾವುದೋ ಸಿನಿಮಾ ಕಂಪನಿಯ ಬಿಲ್ಲುಗಳನ್ನು ಜೆರಾಕ್ಸ್ ಮಾಡಿಕೊಟ್ಟಿದ್ದ. ಅಲ್ಲಿಂದೀಚೆಗೆ ಚಿತ್ರರಂಗದ ವಿಷಯದಲ್ಲಿ ಅವನ ಮಾತೇ ಅಂತಿಮ. ಸಿನಿಮಾದವರು ಕಥೆ ಕದಿಯೋದೇ ಕ್ಲೈಮ್ಯಾಕ್ಸಿಗೋಸ್ಕರ, ಕೊನೆ ಪುಟಗಳನ್ನ ಕೊಡಬೇಡ, ಬೇಕಾದರೆ ಅವರೇ ನಿನ್ನ ಕಾಲು ಹಿಡ್ಕೊಂಡು ಕೇಳ್ತಾರೆ, ಅಂದ. ಕೀಲಿಯಣ್ಣನಿಗೆ ಇದು ವೇದವಾಕ್ಯವಾಯಿತು. ಕೊನೆಯ ಹಾಳೆಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ತನ್ನ ಕೈಯಿಂದಲೇ ಮಾಡಿದ ಬೀಗ ಜಡಿದ. ಉಳಿದದ್ದನ್ನು ಪ್ರತಿ ಮಾಡಿಸಿ ಊರಿನ ಸಿನಿಮಾ ಆಫೀಸುಗಳಿಗೆಲ್ಲ ಕೊಟ್ಟು ಬಂದ.

ಇಲ್ಲೊಂದು ವಿಷಯ ಓದುಗರ ಗಮನಕ್ಕೆ ತರಬೇಕು. ಕೀಲಿಯಣ್ಣ ಶಿಸ್ತಿನ ಮನುಷ್ಯ. ತನ್ನ ಹೆಸರು, ವಿಳಾಸ, ಫೋನ್ ನಂಬರು ಎಲ್ಲವನ್ನೂ ದುಂಡಾಗಿ ಬರೆದಿದ್ದ. ಎಲ್ಲಿ ಬರೆದಿದ್ದ ಅಂದರೆ, ಕಥೆ ಮುಗಿದ ಮೇಲೆ, ಶುಭಂ ಅನ್ನುವುದರ ಕೆಳಗೆ. ಆ ಪುಟ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಫೋನು ಬರಲಿಲ್ಲ. ಎಲ್ಲಿಂದ ಬರಬೇಕು? ಆದರೂ ಕೀಲಿಯಣ್ಣ ಕಾದ. ಹೆಂಡತಿಯ ಹತ್ತಿರ ಒಮ್ಮೆ ಮನಸ್ಸು ಬಿಚ್ಚಿ ಹೇಳಿಯೂ ಇದ್ದ: ಸಿನಿಮಾ ಆಗದಿದ್ದರೂ ಪರವಾಗಿಲ್ಲ, ಸಿನಿಮಾದವರು ಒಬ್ಬರು, ಒಬ್ಬರೇ ಒಬ್ಬರು, ಪೂರ್ತಿ ಓದಿ ಚೆನ್ನಾಗಿದೆ ಅಂದರೆ ಸಾಕು, ಸುಮ್ಮನಾಗ್ತೀನಿ. ಪ್ರತಿ ಸಲ ಫೋನ್ ರಿಂಗಾದಾಗ ಗಂಟಲು ಸರಿಮಾಡಿಕೊಂಡು, ಹಲೋ, ಕಥೆಗಾರರು ಮಾತಾಡೋದು, ಅನ್ನುತ್ತಿದ್ದ. ಆ ಕಡೆಯಿಂದ ಯಾರೋ, ಬಚ್ಚಲುಮನೆ ಚಿಲಕ ಕಚ್ಕೊಂಡಿದೆ ಮಾರಾಯ, ಒಳಗೆ ನಮ್ಮತ್ತೆ ಇದ್ದಾರೆ, ನಿಧಾನಕ್ಕೆ ಬಂದರೂ ಪರವಾಗಿಲ್ಲ, ಅನ್ನುತ್ತಿದ್ದರು.

ಕೊನೆಗೊಂದು ದಿನ ನಿಜವಾಗಿಯೂ ಸಿನಿಮಾ ಆಫೀಸಿನಿಂದ ಫೋನು ಬಂತು. ನಿರ್ಮಾಪಕರ ಮ್ಯಾನೇಜರು. ಬೀರುವಿನ ಕೀಲಿ ಕಳೆದಿದೆ, ಬಂದು ತೆಗೆದುಕೊಡಬೇಕು ಅಂದ. ಕೀಲಿಯಣ್ಣ ಸಲಕರಣೆಯ ಚೀಲಕ್ಕೆ ಒಂದು ಪ್ರತಿಯನ್ನೂ ತುಂಬಿಕೊಂಡು ಹೊರಟ.

ಆ ಆಫೀಸಿನಲ್ಲಿ ಕಂಡದ್ದು ಯಾವ ಲೇಖಕನಿಗೂ ಕಾಣಬಾರದ ದೃಶ್ಯ. ಜನರು ತಂದುಕೊಟ್ಟ ಕಥೆಗಳು ಕಿಟಕಿಗೆ ಅಡ್ಡ ನಿಂತಿದ್ದವು, ಮೇಜಿನ ಕುಂಟುಕಾಲಿಗೆ ಆಸರೆಯಾಗಿದ್ದವು. ಒಂದು ದಪ್ಪನೆಯ ಕಥೆಯ ಮೇಲೆ ಟೀ ಲೋಟದ ಗುರುತು ಗುಂಡಗೆ ಬಿದ್ದಿತ್ತು. ಸಾಹೇಬರು ಇವನ್ನೆಲ್ಲ ಓದೋದು ಯಾವಾಗ ಎಂದು ಕೀಲಿಯಣ್ಣ ಬಾಯಿ ತಪ್ಪಿ ಕೇಳಿದ. ಇವನ್ನ ಯಾರಪ್ಪ ಓದ್ತಾರೆ, ಮನಸ್ಸಿಗೆ ಹಿಡಿಸಿದ್ದು ಮಾತ್ರ ಈ ಬೀರುವಿನೊಳಗೆ ಹೋಗುತ್ತೆ, ಅಂತ ಮ್ಯಾನೇಜರು ಹೇಳಿ, ಫೋನ್ ಹಿಡಿದು ಆಚೆ ಹೋದ.

ಬೀಗ ತೆಗೆದದ್ದಾಯಿತು. ಕದಿಯುವುದು ತಪ್ಪು, ಸರಿ. ಇಡುವುದು ತಪ್ಪು ಅಂತ ಗುರು ಹೇಳಿರಲಿಲ್ಲ. ಮುಖವನ್ನು ನೇಮದಂತೆ ಗೋಡೆಯ ಕಡೆ ತಿರುಗಿಸಿಕೊಂಡು, ಕಣ್ಣನ್ನೂ ಮುಚ್ಚಿಕೊಂಡು, ತನ್ನ ಕಥೆಯನ್ನು ಒಳಗೆ ತುರುಕಿದ. ಒಂದೇ ಒಂದು ಸಲ ಒಳಗೆ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ನೋಡಲಿಲ್ಲ. ಹೊಸ ಕೀಲಿ ಮ್ಯಾನೇಜರ ಕೈಗಿತ್ತು, ಕೂಲಿ ಕೇಳುವುದನ್ನೂ ಮರೆತು ಬಂದ.

ಮಾರ್ಕೆಟ್ಟಿಗೆ ಬಂದವನು ಜೆರಾಕ್ಸಿನವನಿಗೆ, ಒಳಗೆ ಹೋಯ್ತು, ಎಂದಷ್ಟೇ ಹೇಳಿದ. ಜೆರಾಕ್ಸಿನವನು ಇದನ್ನು ಇಸ್ತ್ರಿಯವನಿಗೆ, ಓಕೆ ಆಯ್ತಂತೆ, ಎಂದು ಹೇಳಿದ. ಇಸ್ತ್ರಿಯವನು ಬಟ್ಟೆಯ ಗಂಟಿನ ಜೊತೆ ಆ ಸುದ್ದಿಯನ್ನು ಮನೆಮನೆಗೂ ತಲುಪಿಸಿದ. ಸಂಜೆಯ ಹೊತ್ತಿಗೆ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದು ಮುಗಿದಿತ್ತು. ಇಸ್ತ್ರಿಯವನು ತನಗೆ ಇನ್ಸ್‌ಪೆಕ್ಟರ್ ಪಾತ್ರ ಕೊಡಿಸಬೇಕು, ಯೂನಿಫಾರಮ್ಮಿನ ಗೆರೆ ತನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಎಂದು ವಾದಿಸಿದ. ಬೀಗ ರಿಪೇರಿ ಅಂದರೆ ಮೂಗು ಮುರಿಯುತ್ತಿದ್ದ ಬ್ಯಾಂಕಿನ ಭಾವಮೈದ ಮೊದಲ ಸಲ ಭಾವ ಅನ್ನುವ ಮಾತಿಗೆ ಅವರೇ ಎಂದು ಸೇರಿಸಿದ. ಕೀಲಿಯಣ್ಣ ಯಾರಿಗೂ ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಒಂದು ಕಪ್ಪು ಕನ್ನಡಕ ಮಾತ್ರ ಕೊಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವನು ಆ ಕನ್ನಡಕ ಹಾಕಿಕೊಂಡೇ ಕೀಲಿಯ ಹಲ್ಲು ಉಜ್ಜಲು ಹೋಗಿ ಎರಡು ಕೀಲಿ ಕೆಡಿಸಿದ. ಹೆಂಡತಿ ಕನ್ನಡಕ ನೋಡಿ ಮತ್ತೆ ಮೆಷಿನ್ನು ತುಳಿಯತೊಡಗಿದಳು.

ವಾರ ಕಳೆಯುವುದರೊಳಗೆ ಅಂಗಡಿಯ ಮುಂದೆ ಪೊಲೀಸ್ ಪೇದೆಯೊಬ್ಬರು ನಿಂತರು. ನಿರ್ಮಾಪಕರು ಸ್ಟೇಷನ್ನಿಗೆ ಬಂದಿದ್ದಾರೆ, ಕಥೆ ವಿಚಾರ, ಸಾಹೇಬರು ಕರೀತಿದ್ದಾರೆ, ಅಂದರು. ಕೀಲಿಯಣ್ಣನಿಗೆ ಜೀವ ಬಾಯಿಗೆ ಬಂತು. ಮಾರ್ಕೆಟ್ಟಿಗೆ ಮಾತ್ರ ಬೇರೆಯದೇ ಕೇಳಿಸಿತು. ಸ್ಟೇಷನ್ನಿನಲ್ಲೇ ಶೂಟಿಂಗ್ ಅಂತೆ, ಎಂದು ಜೆರಾಕ್ಸಿನವನು ಅಂಗಡಿಯ ಬಾಗಿಲೆಳೆದ. ಇಸ್ತ್ರಿಯವನು ಯಾರದೋ ಖಾಕಿ ಪ್ಯಾಂಟು ಹಾಕಿಕೊಂಡು ಹೊರಟ. ಭಾವಮೈದ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ. ಮೆಷಿನ್ನಿನಿಂದ ಎದ್ದು ಬಂದ ಹೆಂಡತಿಯ ಕುತ್ತಿಗೆಯಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ಆಕೆಗೆ ಗಂಡನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿತ್ತು.

ಸ್ಟೇಷನ್ನಿನಲ್ಲಿ ನಿರ್ಮಾಪಕರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಕೂತಿದ್ದರು. ಎದುರಿನ ಮೇಜಿನ ಮೇಲೆ ಎರಡು ಕಂತೆ ಕಾಗದ ಅಕ್ಕಪಕ್ಕದಲ್ಲಿದ್ದವು. ಎರಡೂ ಕೀಲಿಯಣ್ಣನ ಕಥೆಯೇ. ನಿರ್ಮಾಪಕರು ಹೇಳಿದ್ದು ಹೀಗೆ: ಎರಡು ವರ್ಷದ ಹಿಂದೆ ಯಾರೋ ಒಂದು ಚಿತ್ರಕಥೆ ಆಫೀಸಿನಲ್ಲಿ ಇಟ್ಟುಹೋದರು. ಹೆಸರಿಲ್ಲ, ವಿಳಾಸವಿಲ್ಲ, ಕೊನೆಯೂ ಇಲ್ಲ. ಒಂದೇ ಕೂತಲ್ಲಿ ಓದಿದರು. ಅವತ್ತಿನಿಂದ ಮುಂದೇನಾಯಿತು ಎಂದು ತಲೆ ಕೆಟ್ಟಿದೆ. ಬರೆದವನಿಗಾಗಿ ಹುಡುಕದ ಜಾಗವಿಲ್ಲ. ಯಾರೂ ಮುಟ್ಟಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಿನ್ನೆ ತೆಗೆದು ನೋಡಿದರೆ, ಬೀಗ ಹಾಕಿದ ಬೀರುವಿನೊಳಗೆ ಒಂದು ಇದ್ದದ್ದು ಎರಡಾಗಿದೆ. ಅವರ ತಾಯಿ ಶಾಂತಿ ಮಾಡಿಸು ಅಂದರಂತೆ, ಮ್ಯಾನೇಜರು ಪೊಲೀಸರ ಹತ್ತಿರ ಹೋಗೋಣ ಅಂದನಂತೆ.

ಇನ್ಸ್‌ಪೆಕ್ಟರಿಗೆ ನಿಜವಾದ ಕಷ್ಟ ಬೇರೆಯೇ ಇತ್ತು. ಇದ್ದದ್ದು ಹೋದರೆ ಕಳ್ಳತನ. ಇಲ್ಲದ್ದು ಬಂದರೆ ಏನು ಎಂದು ಯಾವ ಸೆಕ್ಷನ್ನೂ ಹೇಳುವುದಿಲ್ಲ. ಅವರು ಕೀಲಿಯಣ್ಣನ ಕಡೆ ತಿರುಗಿ, ಆ ಬೀರು ಮುಟ್ಟಿದೋನು ನೀನೊಬ್ಬನೇ, ಈ ಕಾಗದ ನಿನ್ನದಾ, ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಆದರೆ ಕುಂಬಳಕಾಯಿ ಬೆಳೆದ ರೈತ ಯಾರಪ್ಪ, ಬಹುಮಾನ ಕೊಡ್ತೀವಿ ಅಂದಾಗಲೂ ಹೆಗಲು ಮುಟ್ಟಿ ನೋಡಿಕೊಂಡವನು ಕೀಲಿಯಣ್ಣ. ಹುಡುಕುತ್ತಿದ್ದೆವು ಅನ್ನುವ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ. ಬೀಗ, ಬೀರು, ಪೊಲೀಸ್ ಅನ್ನುವುದಷ್ಟೇ ಬಿದ್ದಿತ್ತು.

"ನನ್ನದಲ್ಲ ಸ್ವಾಮಿ. ನನಗೆ ಬರೆಯೋಕೇ ಬರಲ್ಲ."

ಅವನ ಹಿಂದೆ ನಿಂತ ಮಾರ್ಕೆಟ್ಟು ಹೌಹಾರಿತು. ಭಾವಮೈದ, ಭಾವನಿಗೆ ಸೇರಿಸಿದ್ದ ಅವರೇ ಅನ್ನುವುದನ್ನು ಆ ಕ್ಷಣದಲ್ಲೇ ವಾಪಸ್ಸು ತೆಗೆದುಕೊಂಡ. ನಿರ್ಮಾಪಕರ ಮುಖ ಸಣ್ಣಗಾಯಿತು. ಹೆಂಡತಿ ಮಾತ್ರ ಗಂಡನನ್ನು ನೋಡಿ ಹಣೆ ಹಣೆ ಚಚ್ಚಿಕೊಂಡಳು.

ಇನ್ಸ್‌ಪೆಕ್ಟರು ಬಿಡುವವರಲ್ಲ. ಕಾಗದದಲ್ಲಿ ಬೆದರಿಕೆ ಗಿದರಿಕೆ ಇದೆಯಾ ನೋಡಬೇಕು, ಜೋರಾಗಿ ಓದಿ, ಎಂದು ಪೇದೆಗೆ ಅಪ್ಪಣೆ ಮಾಡಿದರು. ಪೇದೆ ಮೊದಲು ಎಫ್‌ಐಆರ್ ಓದುವ ಧಾಟಿಯಲ್ಲಿ ಶುರುಮಾಡಿದರು. ಗಡಿಯಾರ ರಿಪೇರಿಯ ಹೊತ್ತಿಗೆ ದನಿ ಮೆತ್ತಗಾಯಿತು. ನಲ್ಲಿಯ ಹೊತ್ತಿಗೆ ಕಳ್ಳನಿಗೆ ಒಂದು ದನಿ, ಟೀಚರಮ್ಮನಿಗೆ ಒಂದು ದನಿ ಮಾಡತೊಡಗಿದರು. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರೊಬ್ಬರು ತಮ್ಮ ಸರದಿ ಬಂದರೂ ಏಳಲಿಲ್ಲ. ಲಾಕಪ್ಪಿನಲ್ಲಿದ್ದ ಜೇಬುಗಳ್ಳ ಸರಳು ಹಿಡಿದು ನಿಂತು, ಸ್ವಲ್ಪ ಜೋರಾಗಿ ಓದಿ ಸಾರ್, ಅಂದ. ಟೀಚರಮ್ಮ ಹೊಸ ಕೊಡೆಯ ಕಡ್ಡಿಯನ್ನು ಬೇಕೆಂದೇ ಮುರಿದಿಟ್ಟು ದೀಪ ಆರಿಸಿ ಮಲಗಿದಾಗ ಇನ್ಸ್‌ಪೆಕ್ಟರು ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರು.

"ಮನೆಯಲ್ಲಿ ಮುರಿಯೋದಕ್ಕೆ ಏನೂ ಉಳಿದಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು," ಎಂದು ಓದಿ ಪೇದೆ ಹಾಳೆ ತಿರುವಿದರು. ಹಿಂದೆ ಏನೂ ಇರಲಿಲ್ಲ. ಇನ್ನೊಂದು ಪ್ರತಿ ತೆಗೆದರು. ಅಲ್ಲೂ ಇರಲಿಲ್ಲ.

"ಇಲ್ಲೇ ಸಾರ್, ಇಲ್ಲೇ," ಅಂದರು ನಿರ್ಮಾಪಕರು. "ಎರಡು ವರ್ಷದಿಂದ ನಾನು ಈ ಬಾಗಿಲ ಹತ್ತಿರ ನಿಂತಿದ್ದೀನಿ. ಇಷ್ಟು ವರ್ಷದ ಅನುಭವದಲ್ಲಿ ಇಷ್ಟು ಚೆನ್ನಾಗಿರೋ ಕಥೆ ಓದಿಲ್ಲ ನಾನು."

ಈ ಸಲ ಮಾತು ಕೀಲಿಯಣ್ಣನ ಕಿವಿಗೆ ಬಿತ್ತು. ಕಣ್ಣು ತುಂಬಿ ಬಂತು. ಎಷ್ಟೋ ದಿನದಿಂದ ಕಾದ ಮಾತು. ಪೊಲೀಸ್ ಸ್ಟೇಷನ್ನಾದರೇನು, ಹೇಳಿದವರು ಸಿನಿಮಾದವರೇ.

"ನನ್ನದೇ ಸ್ವಾಮಿ," ಅಂದ.

ಈಗ ಯಾರೂ ನಂಬಲಿಲ್ಲ. ಇಷ್ಟು ಹೊತ್ತು ಬರೆಯೋಕೇ ಬರಲ್ಲ ಅಂದೋನಿಗೆ ಹೊಗಳಿಕೆ ಕೇಳಿದ ಕೂಡಲೆ ಹೇಗೆ ಬಂತು ಎಂದು ಇನ್ಸ್‌ಪೆಕ್ಟರು ನಕ್ಕರು. ಇಸ್ತ್ರಿಯವನ ಸಾಕ್ಷಿ ನಡೆಯಲಿಲ್ಲ, ಯಾಕೆಂದರೆ ಅವನು ಹಾಕಿಕೊಂಡಿದ್ದ ಪ್ಯಾಂಟು ಇದೇ ಸ್ಟೇಷನ್ನಿನ ಪೇದೆಯದ್ದು. ಪುರಾವೆ ಏನಿದೆ ಎಂದರು. ಕೀಲಿಯಣ್ಣ ತಡವರಿಸಿ, ಕೊನೆ ನನಗೊಬ್ಬನಿಗೇ ಗೊತ್ತು, ಅಂದ. ಹಾಗಾದರೆ ಹೇಳು, ಅಂದರು. ಹಿಂದಿನಿಂದ ಜೆರಾಕ್ಸಿನವನು, ಬೇಡ, ಹೇಳಬೇಡ, ಕದೀತಾರೆ, ಎಂದು ಪಿಸುಗುಟ್ಟಿದ. ಕೀಲಿಯಣ್ಣ ಹೆಂಡತಿಯ ಮುಖ ನೋಡಿದ. ಆಕೆಯೂ ಕಿವಿ ಕೊಟ್ಟು ನಿಂತಿದ್ದಳು. ಇದೊಂದನ್ನು ಆಕೆಗೂ ಹೇಳದೆ ಇಟ್ಟದ್ದಕ್ಕೆ ಅವನಿಗೆ ಆ ಹೊತ್ತಿನಲ್ಲಿ ನಾಚಿಕೆಯಾಯಿತು. ಎಲ್ಲರನ್ನೂ ಬಿಟ್ಟು ಆಕೆಗೊಬ್ಬಳಿಗೇ ಹೇಳುವ ಹಾಗೆ ಹೇಳತೊಡಗಿದ. ಆಶ್ಚರ್ಯ, ಒಂದು ಮಾತೂ ತಪ್ಪಲಿಲ್ಲ.

ಕಳ್ಳ ಬರುತ್ತಾನೆ. ಅದೇ ಹೊತ್ತಿಗೆ ಪೊಲೀಸರೂ ಬರುತ್ತಾರೆ. ಹಿಡಿಯುತ್ತಾರೆ. ಕೋರ್ಟು. ಟೀಚರಮ್ಮ ಸಾಕ್ಷಿ ಕಟ್ಟೆಯಲ್ಲಿ ನಿಂತು ಪ್ರಾಮಾಣಿಕತೆಯ ಬಗ್ಗೆ ಎಂಟು ಪುಟ ಮಾತಾಡುತ್ತಾಳೆ. ವಕೀಲರು ಅಳುತ್ತಾರೆ. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ನಿಂತುಹೋದ ತಮ್ಮ ಕೈಗಡಿಯಾರವನ್ನು ಬಿಚ್ಚಿ ಕಳ್ಳನ ಕೈಗೆ ಕೊಡುತ್ತಾರೆ. ಅವನು ಅಲ್ಲೇ ರಿಪೇರಿ ಮಾಡುತ್ತಾನೆ. ಬಿಡುಗಡೆ. ಮದುವೆ. ಶುಭಂ.

ಸ್ಟೇಷನ್ನು ತಣ್ಣಗಾಯಿತು. ಲಾಕಪ್ಪಿನಿಂದ ಜೇಬುಗಳ್ಳ ಕೇಳಿದ:

"ಅಷ್ಟೇನಾ?"

ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ. ಇನ್ಸ್‌ಪೆಕ್ಟರು ಮಾತ್ರ ದೊಡ್ಡ ಮನಸ್ಸು ಮಾಡಿ, ಕಥೆ ಇವನದ್ದೇ, ಅನುಮಾನ ಬೇಡ, ಸುಳ್ಳು ಹೇಳೋನಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದ, ಎಂದು ತೀರ್ಪು ಕೊಟ್ಟರು. ನಿರ್ಮಾಪಕರು ಎರಡೂ ಕಂತೆಗಳನ್ನು ನಿಧಾನವಾಗಿ ಜೋಡಿಸಿಟ್ಟರು. ಎರಡು ವರ್ಷ ಮನಸ್ಸಿನಲ್ಲಿ ಏನೇನೋ ಕಟ್ಟಿಕೊಂಡಿದ್ದೆ ಕಣಪ್ಪ, ನೀನು ಸಿಗದೆ ಇದ್ದಿದ್ದರೇ ಚೆನ್ನಾಗಿತ್ತೇನೋ, ಅಂದರು. ಬೈಗುಳವಲ್ಲ, ನಿಜವಾದ ಬೇಸರ. ಕೀಲಿಯಣ್ಣನಿಗೆ ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಇಡೀ ಕಥೆಯಲ್ಲಿ ಯಾವ ಕಳ್ಳನೂ ಮುಟ್ಟದ ಸಾಮಾನು ಯಾವುದೋ ಅದಕ್ಕೊಂದಕ್ಕೇ ಅವನು ಬೀಗ ಹಾಕಿ ಕಾದಿದ್ದ.

ಆಮೇಲೆ ಸಂತೆ ಶುರುವಾಯಿತು. ಪೊಲೀಸರನ್ನ ಮೊದಲೇ ಕರೆಸಬೇಕಿತ್ತು ಅಂತ ಇನ್ಸ್‌ಪೆಕ್ಟರು, ಟೀಚರಮ್ಮನಿಗೆ ಬ್ಯಾಂಕಿನಲ್ಲಿ ಲಾಕರ್ ಇರಬೇಕಿತ್ತು ಅಂತ ಭಾವಮೈದ, ಕಳ್ಳ ಶ್ರೀಮಂತರ ಮನೆ ಮಗ ಅಂತ ಇಸ್ತ್ರಿಯವನು. ಜೆರಾಕ್ಸಿನವನು ಕಳ್ಳನಿಗೆ ಅವನದೇ ಪಡಿಯಚ್ಚಿನಂಥ ಅವಳಿ ತಮ್ಮನನ್ನು ಕೊಟ್ಟ. ಜೇಬುಗಳ್ಳ, ಈ ಕಳ್ಳ ನಮ್ಮ ಕಸುಬಿನ ಮಾನ ಕಳೀತಾನೆ, ಕೊನೆಯಲ್ಲಾದರೂ ಏನಾದರೂ ಕದೀಲಿ, ಅಂದ. ಒಂದೊಂದನ್ನು ಕೇಳಿದಾಗಲೂ ನಿರ್ಮಾಪಕರು ತಲೆ ಅಲ್ಲಾಡಿಸಿದರು, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಎದ್ದರು.

"ಅವಳು ಬೀಗ ಹಾಕದೆ ಬಿಡ್ತಾಳೆ," ಅಂದಳು ಕೀಲಿಯಣ್ಣನ ಹೆಂಡತಿ.

ಆಕೆ ಗಟ್ಟಿಯಾಗೇನೂ ಹೇಳಲಿಲ್ಲ. ಗದ್ದಲ ತಾನೇ ನಿಂತಿತು. ಆಕೆ ಕುತ್ತಿಗೆಯ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನೆಲ ನೋಡಿಕೊಂಡು ಮಾತಾಡಿದಳು.

"ಮುರಿಯೋಕೆ ಏನೂ ಉಳಿದಿಲ್ಲವಲ್ಲ. ಅದಕ್ಕೆ ಬಾಗಿಲು ತೆಗೆದಿಟ್ಟು ಒಳಗೆ ಕೂತ್ಕೋತಾಳೆ. ಅವನು ಬರ್ತಾನೆ. ಬೀಗಕ್ಕೆ ಕೈ ಹಾಕ್ತಾನೆ, ಬೀಗ ಇಲ್ಲ. ಬಾಗಿಲು ತೆರೆದೇ ಇದೆ. ಅವನು ಜೀವಮಾನದಲ್ಲಿ ತೆರೆದ ಬಾಗಿಲೊಳಗೆ ಹೋದೋನಲ್ಲ. ಏನು ಮಾಡಬೇಕು ಅಂತ ಗೊತ್ತಾಗಲ್ಲ. ಎಷ್ಟೋ ಹೊತ್ತು ನಿಂತಿರ್ತಾನೆ. ಆಮೇಲೆ, ತೆರೆದ ಬಾಗಿಲನ್ನೇ, ಮೆಲ್ಲಗೆ ತಟ್ಟುತ್ತಾನೆ."

ಮುಂದೆ ಏನೋ ಇದೆ ಎಂದು ಎಲ್ಲರೂ ಕಾದರು. ಏನೂ ಇರಲಿಲ್ಲ. ಈ ಸಲ ಅಷ್ಟೇನಾ ಎಂದು ಯಾರೂ ಕೇಳಲಿಲ್ಲ. ಪೇದೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಜೇಬುಗಳ್ಳ ಸರಳು ಬಿಟ್ಟು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ನಿರ್ಮಾಪಕರು ಕೂತರು, ಎದ್ದರು, ಮತ್ತೆ ಕೂತರು. ದೂರು ವಾಪಸ್ಸು ತಗೋತೀನಿ, ಕಥೆ ನಾನು ತಗೋತೀನಿ, ಯಾರ ಹೆಸರು ಹಾಕೋದು ಹೇಳಿ, ಅಂದರು.

ಕೀಲಿಯಣ್ಣ ಹೆಂಡತಿಯ ಕಡೆ ಕೈ ತೋರಿಸಿದ. ಹೆಂಡತಿ ಗಂಡನ ಕಡೆ ತೋರಿಸಿದಳು. ಕಾಗದದಲ್ಲಿ ಎರಡು ಹೆಸರು ಬರೆಯಲು ಜಾಗವಿದೆ, ಇದು ಸ್ಟೇಷನ್ನು, ಇಲ್ಲಿ ಜಗಳ ಆಡಬೇಡಿ, ಎಂದು ಇನ್ಸ್‌ಪೆಕ್ಟರು ಗದರಿದರು.

ಮಾರ್ಕೆಟ್ಟಿನವರನ್ನೆಲ್ಲ ಮುಂದೆ ಕಳಿಸಿ ಗಂಡಹೆಂಡತಿ ಹಿಂದಿನಿಂದ ನಡೆದು ಬಂದರು. ಮುಂದೆ ಜೆರಾಕ್ಸಿನವನು, ಕ್ಲೈಮ್ಯಾಕ್ಸು ಬಚ್ಚಿಡೋಕೆ ಹೇಳಿದ್ದೇ ನಾನು, ಇಲ್ಲದಿದ್ದರೆ ಆ ಎಂಟು ಪುಟದ ಭಾಷಣ ಓದಿ ಅವತ್ತೇ ಬಿಸಾಡ್ತಿದ್ದರು, ಎಂದು ಎಲ್ಲರಿಗೂ ಹೇಳುತ್ತಿದ್ದ. ಯೋಚಿಸಿ ನೋಡಿದರೆ ಅದು ಸುಳ್ಳೂ ಅಲ್ಲ.

ಕೀಲಿಯಣ್ಣ, ನಿನಗೆ ಅದು ಹೇಗೆ ಹೊಳೀತು ಎಂದು ಕೇಳಿದ.

"ಹೊಳೆಯೋದೇನು ಬಂತು? ನಿಮ್ಮನ್ನ ಕಟ್ಕೊಂಡಿಲ್ವಾ," ಅಂದಳು ಆಕೆ. "ಮುಚ್ಚಿಟ್ಟಿದ್ದನ್ನೆಲ್ಲ ತೆಗೀತೀರಿ. ತೆರೆದೇ ಇರೋದರ ಮುಂದೆ ಬಂದರೆ ನಿಂತುಬಿಡ್ತೀರಿ. ಕೊನೆ ಏನು ಅಂತ ನಾನು ಅವತ್ತಿನಿಂದ ಕೇಳ್ತಾನೇ ಇದ್ದೆ."

ಈ ಹೆಂಗಸನ್ನು ಬಿಟ್ಟು ಊರೆಲ್ಲ ಓದುಗರನ್ನು ಹುಡುಕಿದೆನಲ್ಲ ಎಂದು ಅವನಿಗೆ ಸಂಕಟವಾಯಿತು, ಸಂತೋಷವೂ ಆಯಿತು. ತಪ್ಪಾಯ್ತು, ಮುಂದಿನ ಕಥೆ ಮೊದಲಿಂದ ಕೊನೆತನಕ ನಿನಗೇ ಮೊದಲು ಹೇಳ್ತೀನಿ, ಅಂದ.

"ಮೊದಲಿಂದ ಹೇಳಿ, ಕೇಳ್ತೀನಿ," ಅಂದಳು ಆಕೆ. "ಕೊನೆ ಮಾತ್ರ ನೀವು ಮುಟ್ಟಬೇಡಿ."